ಮನೆ ಮುಗಿದ ಮೇಲೆ ಬನ್ನಿ

ಸ್ಟ್ರೆಚರನ್ನು ವ್ಯಾನಿನಿಂದ ಅರ್ಧ ಹೊರಗೆಳೆದಿದ್ದ ಚಾಲಕನನ್ನು, ಗೆಳತಿಯರು ಕತ್ತರಿ ಎಂದು ಕರೆಯುವ ಹೆಂಗಸು ಕೈ ಹಿಡಿದು ನಿಲ್ಲಿಸಿದಳು.

"ಇಲ್ಲಿ ಇಳಿಸ್ಬೇಡಪ್ಪ. ಇದು ಕಾರು ನಿಲ್ಲಿಸೋ ಜಾಗ."

"ಇಲ್ಲೇ ಅಂದ್ರಲ್ಲಮ್ಮ ಅವ್ರು," ಎಂದು ಚಾಲಕ ಗಲ್ಲ ಎತ್ತಿ ತೋರಿಸಿದ.

ಕಟ್ಟಡದ ಕಾರ್ಯದರ್ಶಿ ಕಂಬಕ್ಕೆ ತಾಗದಂತೆ ನಿಂತಿದ್ದ. ನೆಲಮಾಳಿಗೆಯಲ್ಲಿ ಎರಡು ಕಾರುಗಳ ನಡುವಿನ ಜಾಗವನ್ನು ಬೆಳಿಗ್ಗೆಯೇ ಗುಡಿಸಿಸಿ, ಒಂದು ಬೆಂಚು ಹಾಕಿಸಿ, ಉಪಕಾರ ಮಾಡಿದವನ ಮುಖ ಮಾಡಿಕೊಂಡಿದ್ದ. ಬೆಂಚಿನ ಕೆಳಗೆ ಎಣ್ಣೆಯ ಕಲೆ. ಮೇಲಿನ ಕೊಳವೆಯೊಂದು ಹನಿಯುತ್ತಿತ್ತು.

"ಅವಳ ಮನೆ ನಾಲ್ಕನೇ ಮಹಡೀಲಿದೆ," ಎಂದಳು ಕತ್ತರಿ.

"ಗೊತ್ತಮ್ಮ. ಆದ್ರೆ ಲಿಫ್ಟಲ್ಲಿ ದೇಹ ತಗೊಂಡ್ಹೋಗೋ ಹಾಗಿಲ್ಲ. ಸಂಘದ ನಿಯಮ. ಮಕ್ಕಳು ಮರಿ ಓಡಾಡೋ ಲಿಫ್ಟು."

"ಹೋದ ತಿಂಗಳು ಸೋಫಾ ಹೋಯ್ತಲ್ಲ ಅದ್ರಲ್ಲಿ?"

"ಸೋಫಾ ಬೇರೆ."

"ಹೌದು ಬಿಡಿ, ಬೇರೇನೇ. ಸೋಫಾ ಯಾವತ್ತಾದ್ರೂ ಸಾಲದ ಕಂತು ಕಟ್ಟಿತ್ತಾ?"

ಅವಳ ಹಿಂದೆ ನಿಂತಿದ್ದ ಇಬ್ಬರು ಹೆಂಗಸರಲ್ಲಿ ಕಿರಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿದಿರಲಿಲ್ಲ.

ಮೂವರೂ ಮುದ್ರಣಾಲಯದ ಬೈಂಡಿಂಗ್ ವಿಭಾಗದವರು. ಅಲ್ಲಿ ಮಾಡುವ ಕೆಲಸವೇ ಕರೆಯುವ ಹೆಸರು. ಕಾಗದ ಕೊಯ್ಯುವ ಯಂತ್ರದವಳು ಕತ್ತರಿ; ಅವಳ ನಾಲಗೆಯೂ ಅದಕ್ಕೆ ಒಪ್ಪುವಂತಿತ್ತು. ಪುಸ್ತಕದ ಬೆನ್ನಿಗೆ ಗೋಂದು ಹಚ್ಚುವ ಕಿರಿಯವಳು ಅಂಟು. ಹಾಳೆ ಮಡಿಸುವ ಹಿರಿಯಳನ್ನು ಮಾತ್ರ ವಯಸ್ಸಿಗೆ ಅಂಜಿ ದೊಡ್ಡಕ್ಕ ಎನ್ನುತ್ತಿದ್ದರು. ಮಡಿಸಿದ ಹಾಳೆಗಳನ್ನು ದಾರದಲ್ಲಿ ಹೊಲಿಯುತ್ತಿದ್ದ ಸೂಜಿ ಈಗ ಸ್ಟ್ರೆಚರಿನ ಮೇಲೆ, ಬಿಳಿ ಹೊದಿಕೆಯ ಕೆಳಗೆ, ಅರ್ಧ ವ್ಯಾನಿನೊಳಗೂ ಅರ್ಧ ಹೊರಗೂ ಇದ್ದಳು.

ಸೂಜಿಯ ಗಂಡ ಔಷಧದಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವನು. ಆಸ್ಪತ್ರೆಯವರು ಕೊಟ್ಟ ಚೀಲವನ್ನು ಎದೆಗವಚಿಕೊಂಡು, "ಇರ್ಲಿ ಬಿಡಿ. ಇಲ್ಲೇ ಆಗ್ಲಿ. ಯಾರಿಗೂ ತೊಂದ್ರೆ ಬೇಡ," ಎಂದ.

"ಅದೇ ಸರಿ," ಎಂದಳು ಅವನ ಅಕ್ಕ. "ಮೇಲೆ ಎಲ್ಲಾ ಅಷ್ಟು ಚೊಕ್ಕಟವಾಗಿ ಇಟ್ಟಿದ್ದಾಳೆ. ಬಂದವರೆಲ್ಲ ತುಳಿದಾಡಿದ್ರೆ ಅವಳ ಜೀವಕ್ಕೇ ನೋವಾಗುತ್ತೆ."

ಕತ್ತರಿ ಅತ್ತ ತಿರುಗಿದಳು.

"ಅವಳ ಜೀವಾನಾ? ಅದು ನಿನ್ನೆ ಹೋಯ್ತು, ಅಕ್ಕ. ನೀವು ಗಮನಿಸ್ಲಿಲ್ಲ ಅನ್ಸುತ್ತೆ. ಒಂದು ಮಾತು ಹೇಳ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ. ಮಧ್ಯಾಹ್ನ ಸ್ಮಶಾನಕ್ಕೆ ಹೋಗೋದ್ರೊಳಗೆ ಒಂದು ಸಲ ಅವಳು ಅವಳ ಮನೆಯೊಳಗೆ ಹೋಗ್ಬೇಕು. ಅವಳ ಹಿಂದೆ ನಾವು ಹೋಗ್ಬೇಕು. ನಾವಿನ್ನೂ ಆ ಮನೆ ನೋಡಿಲ್ಲ."

"ನೋಡಿಲ್ವಾ?" ಎಂದ ಕಾರ್ಯದರ್ಶಿ. "ಇಷ್ಟು ವರ್ಷದ ಸ್ನೇಹ ಅಂತೀರಿ?"



*

ಮನೆ ಕೊಂಡ ಹೊಸತರಲ್ಲಿ ಸೂಜಿ ಚಹಾದ ಹೊತ್ತಿಗೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಮಗುವನ್ನು ತೋರಿಸುವ ಹಾಗೆ ತೋರಿಸಿದ್ದಳು.

"ಯಾವಾಗ ಕರೀತೀಯೇ?" ಎಂದಿದ್ದಳು ದೊಡ್ಡಕ್ಕ.

"ಈ ಭಾನುವಾರ. ಇವರ ಅಕ್ಕ ಒಬ್ಬರು ಬಂದು ಹೋಗ್ಲಿ, ಆಮೇಲೆ ನೀವೇ."

ಅಕ್ಕ ಬಂದಳು. ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ, ಬೆರಳಿನ ತುದಿ ನೋಡಿಕೊಂಡು, "ಗೋದಾಮು ಇದ್ದ ಹಾಗಿದೆ. ಇರ್ಲಿ, ನಿಮ್ಮ ಶಕ್ತಿಗೆ ಇಷ್ಟು," ಎಂದು ಹೇಳಿ, ಇನ್ನೊಂದು ಲೋಟ ಚಹಾ ಕುಡಿದು ಹೋದಳು. ಆ ಮಾತು ಅಷ್ಟರಲ್ಲೇ ಅವಳ ನೆನಪಿನಿಂದಲೂ ಹೋಗಿರಬೇಕು. ಸೂಜಿಯ ಮನೆಯಿಂದ ಮಾತ್ರ ಹೋಗಲಿಲ್ಲ. ಆ ಭಾನುವಾರ ಗೆಳತಿಯರಿಗೆ ಕರೆ ಬರಲಿಲ್ಲ.

"ಮನೆ ಮುಗಿದ ಮೇಲೆ ಬನ್ನಿ. ಈಗ ಏನಿದೆ ಅಲ್ಲಿ ನೋಡೋಕೆ?"

ಮನೆ ಮುಗಿಯುವುದುಂಟೇ? ಗೋಡೆಗೆ ಬಣ್ಣ ಬಂದರೆ ನೆಲ ಮಾಸಿದಂತೆ ಕಂಡಿತು. ನೆಲ ಹೊಳೆದರೆ ಪರದೆ ಬಡವಾಯಿತು. ಪರದೆ ಬದಲಾದದ್ದೇ ಗೋಡೆಯ ಬಣ್ಣ ಅದಕ್ಕೆ ಒಪ್ಪಲಿಲ್ಲ. ಅವಳ ಕೂಲಿ ಸಾಲದ ಕಂತಿಗೆ, ಹೆಚ್ಚುವರಿ ದುಡಿಮೆ ಮನೆಯ ಅಲಂಕಾರಕ್ಕೆ. ರಜೆಯ ದಿನಗಳೆಲ್ಲ ಉಜ್ಜುಕಾಗದಕ್ಕೆ, ಸುಣ್ಣದ ಪುಟ್ಟಿಗೆ, ಏಣಿಯ ಮೆಟ್ಟಿಲಿಗೆ. ಬಣ್ಣದ ಮಾದರಿ ಚೀಟಿಗಳನ್ನು ಮುದ್ರಣಾಲಯಕ್ಕೆ ತಂದು ಗೆಳತಿಯರ ಮುಂದೆ ಹರಡಿ, "ಯಾವುದು ಹೇಳ್ರೇ, ಇದಾ ಇದಾ?" ಎಂದು ಕೇಳುವಳು. ತಾವು ಎಂದೂ ನೋಡದ ಗೋಡೆಗೆ ಅವರು ಜಗಳಾಡಿ ಬಣ್ಣ ಆರಿಸುವರು.

ಎಲ್ಲರೂ ಸೇರಿ ಊರಾಚೆಯ ಕೆರೆಗೆ ಹೋದಾಗ ಸೂಜಿ ಬರಲಿಲ್ಲ. ಅಂಟು ಮಗು ಹೆತ್ತಾಗ ಆಸ್ಪತ್ರೆಗೆ ಬಂದಳು. ಬಂದವಳ ಕೂದಲಲ್ಲಿ ಸುಣ್ಣವಿತ್ತು, ಕೂತಲ್ಲೇ ನಿದ್ದೆ ಹೋದಳು. ಅಂಟು ಹೆತ್ತ ಹೊಟ್ಟೆಯನ್ನು ಹಿಡಿದುಕೊಂಡು ಎದ್ದು, ಅವಳಿಗೆ ತನ್ನ ಹೊದಿಕೆ ಹೊದಿಸಿದಳು.

*

"ಅರ್ಥ ಆಗುತ್ತಮ್ಮ, ನಿಮ್ಮ ದುಃಖ," ಕಾರ್ಯದರ್ಶಿ ದನಿ ತಗ್ಗಿಸಿದ. "ಆದ್ರೆ ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು."

"ಎಲ್ಲರೂ ಸಾಯೋರೇ ತಾನೆ? ಬಿಡಿ ಎಲ್ಲರಿಗೂ."

"ಅದೆಲ್ಲ ಸಭೇಲಿ ತೀರ್ಮಾನ ಆಗ್ಬೇಕು."

"ಮೆಟ್ಟಿಲಿಗೂ ನಿಯಮ ಇದೆಯಾ?"

ಕಾರ್ಯದರ್ಶಿ ತಡವರಿಸಿದ. ಮೆಟ್ಟಿಲಿಗೆ ನಿಯಮವಿರಲಿಲ್ಲ. ಮೆಟ್ಟಿಲನ್ನು ಯಾರೂ ಹತ್ತುತ್ತಿರಲಿಲ್ಲವಾದ್ದರಿಂದ ಅದರ ಬಗ್ಗೆ ಯಾರೂ ಯೋಚಿಸಿರಲಿಲ್ಲ. "ಆಗಲ್ಲಮ್ಮ. ಕಿರಿದು. ತಿರುವಿನಲ್ಲಿ ಸ್ಟ್ರೆಚರ್ ತಿರುಗಲ್ಲ. ಜಾರಿ ಗೀರಿ ಬಿದ್ರೆ..."

"ಜಾರಲ್ಲ," ಎಂದಳು ಅಲ್ಲಿಯವರೆಗೆ ಬಾಯಿ ಬಿಡದಿದ್ದ ದೊಡ್ಡಕ್ಕ. ಅವಳು ಆಗಲೇ ಚಪ್ಪಲಿ ಕಳಚಿ ಗೋಡೆಗೆ ಒರಗಿಸಿ ಇಡುತ್ತಿದ್ದಳು.

ಗಂಡ ಅಡ್ಡ ಬಂದ. "ದೊಡ್ಡಕ್ಕ, ನನ್ನ ಮಾತು ಕೇಳಿ. ಅವಳಿಗೂ ಇಂಥ ಗಲಾಟೆ ಇಷ್ಟ ಇರ್ಲಿಲ್ಲ."

"ಅವಳಿಗೆ ಏನಿಷ್ಟ ಇತ್ತು ಅಂತ ನಿಮಗೆ ಗೊತ್ತಾ?" ಎಂದಳು ಕತ್ತರಿ. ಆ ಪ್ರಶ್ನೆಯನ್ನು ಅವಳು ಒಮ್ಮೆ ಸೂಜಿಗೇ ಕೇಳಿದ್ದಳು.

*

ಹೋದ ವರ್ಷ ಸೂಜಿ ಮುದ್ರಣಾಲಯದ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತತೊಡಗಿದಳು. ಮೂರು ಮೆಟ್ಟಿಲಿಗೊಮ್ಮೆ ನಿಂತು, ಸೀರೆ ಸರಿಮಾಡಿಕೊಳ್ಳುವ ನೆಪ ಮಾಡುವಳು. ವೈದ್ಯರು ಎದೆಯ ಕವಾಟ ಸೋರುತ್ತಿದೆ, ಶಸ್ತ್ರಚಿಕಿತ್ಸೆ ಬೇಕು ಎಂದಿದ್ದರು.

"ಸಾಲ ಮುಗೀಲಿ ಕಣೆ, ಮಾಡಿಸ್ಕೋತೀನಿ. ಈಗ ರಜ ಹಾಕಿದ್ರೆ ಕಂತಿನ ಗತಿ? ಅಲ್ಲಿವರೆಗೆ ಮಾತ್ರೆ ಇದೆ. ಇವ್ರು ಅಂಗಡಿಯಿಂದಲೇ ತರ್ತಾರೆ."

ಕತ್ತರಿ ಯಾರ್‍ಯಾರನ್ನೋ ಹಿಡಿದು ದೊಡ್ಡಾಸ್ಪತ್ರೆಯಲ್ಲಿ ತಜ್ಞರ ಭೇಟಿ ಗೊತ್ತುಮಾಡಿದಳು. ಅಲ್ಲಿ ಚಿಕಿತ್ಸೆ ಬಡವರಿಗೆ ಬಿಟ್ಟಿ. ಆ ದಿನ ಬೆಳಗಿನಿಂದ ಗೇಟಿನ ಬಳಿ ಬಿಸಿಲಲ್ಲಿ ಕಾದು ನಿಂತಳು. ಸೂಜಿ ಬರಲಿಲ್ಲ. ಮರುದಿನ ಕೇಳಿದರೆ, ಪರದೆಯವನು ಕಿಟಕಿಯ ಅಳತೆಗೆ ಬಂದುಬಿಟ್ಟನಂತೆ.

"ಅವನು ಸಿಗೋದೇ ಅಪರೂಪ ಕಣೆ..."

"ನಿನಗೆ ಏನು ಬೇಕು ಅಂತ ನಿನಗಾದ್ರೂ ಗೊತ್ತೇನೇ?" ಕತ್ತರಿ ಕಿರುಚಿದಳು. ಯಂತ್ರಗಳೆಲ್ಲ ನಿಂತವು. "ಆ ಕಿಟಕೀಲಿ ಯಾರು ನೋಡ್ತಾರೆ? ಪರದೆ ಸರಿಸೋಕೆ ನೀನಿರ್ತೀಯಾ?"

ಆಮೇಲೆ ಒಂದೇ ಮೇಜಿನ ಎರಡು ಬದಿಯಲ್ಲಿ ಕೆಲಸ ಮಾಡುತ್ತ, ಹಾಳೆಯ ಕಟ್ಟುಗಳನ್ನು ಮಾತಿಲ್ಲದೆ ದಾಟಿಸುತ್ತ ಮಳೆಗಾಲ ಕಳೆಯಿತು. ಕೊನೆಗೆ ಸೋತವಳು ಸೂಜಿಯೇ. ನಾಲ್ಕು ದಿನದ ಹಿಂದೆ ಚಹಾದ ಲೋಟ ತಂದು ಕತ್ತರಿಯ ಮುಂದಿಟ್ಟು, "ಸಾಲ ತೀರಿತು ಕಣೆ. ಸೋಫಾನೂ ಬಂತು. ಇನ್ನೇನೂ ಬಾಕಿ ಇಲ್ಲ. ಈ ಭಾನುವಾರ ಮೂವರೂ ಬನ್ನಿ. ನಾನೇ ಕೆಳಗೆ ಬಂದು ಕರ್ಕೊಂಡು ಹೋಗ್ತೀನಿ. ಸೋಮವಾರ ನೀನು ಹೇಳಿದ ಆಸ್ಪತ್ರೆಗೆ ಹೋಗೋಣ," ಎಂದಳು.

ನಿನ್ನೆ, ಶುಕ್ರವಾರ, ಹೊಲಿಗೆಯ ಚೌಕಟ್ಟಿನ ಮೇಲೆ ತಲೆಯಿಟ್ಟಳು. ಬಳಲಿದ್ದಾಳೆ, ಒಂದು ಗಳಿಗೆ ಮಲಗಲಿ ಎಂದು ಅವರು ಅವಳನ್ನು ಎಬ್ಬಿಸಲಿಲ್ಲ. ತಮ್ಮ ತಮ್ಮ ಯಂತ್ರಗಳನ್ನು ಕೂಡ ಸದ್ದಾಗದಂತೆ ನಡೆಸಿದರು.

*

ಮುದ್ರಣಾಲಯದ ಸರಕಿನ ಲಿಫ್ಟು ಕೆಟ್ಟಾಗಲೆಲ್ಲ ಹೊಲಿಯದ ಹಾಳೆಗಳ ರಾಶಿಯನ್ನು ಹಲಗೆಯ ಮೇಲಿಟ್ಟು ಹೆಂಗಸರೇ ಮೇಲಕ್ಕೆ ಒಯ್ಯುತ್ತಿದ್ದರು. ಹಲಗೆ ವಾಲಿದರೆ ಒಂದು ಇಡೀ ಪುಸ್ತಕ ಮೆಟ್ಟಿಲ ಮೇಲೆ ಚೆಲ್ಲಿ, ಪುಟಗಳ ಕ್ರಮ ಕೆಡುತ್ತದೆ. ಅದಕ್ಕೇ ಮೇಲಿನವರು ಸೊಂಟ ಬಗ್ಗಿಸಿ ಹಿಮ್ಮುಖ ಹತ್ತಬೇಕು, ಕೆಳಗಿನವರು ಭುಜಕ್ಕೆ ಎತ್ತಬೇಕು. ತಿರುವಿನಲ್ಲಿ ಮೇಲಿನವರು ಕುಕ್ಕರಗಾಲಲ್ಲಿ ಕೂತು ಜಾಗ ಬಿಡಬೇಕು. ಎಲ್ಲರೂ ಬರಿಗಾಲು. ಮುಂದಿನವಳು 'ಮಟ್ಟ' ಎಂದರೆ ಎಲ್ಲರೂ ನಿಂತು ಸರಿಮಾಡಿಕೊಳ್ಳಬೇಕು.

ಮೇಲಿನ ತುದಿಗೆ ದೊಡ್ಡಕ್ಕ ಮತ್ತು ಅಂಟು. ಕೆಳಗಿನ ತುದಿಗೆ ಒಂದು ಕಡೆ ಕತ್ತರಿ. ಇನ್ನೊಂದು ಕಡೆಗೆ ವ್ಯಾನಿನ ಚಾಲಕ ಬಂದು ಷೂ ಬಿಚ್ಚಿದ.

"ನಿನಗ್ಯಾಕಪ್ಪ?" ಎಂದಳು ದೊಡ್ಡಕ್ಕ.

"ದಿನಾ ಜನರನ್ನ ಹೊರಗೇ ತಗೊಂಡು ಹೋಗೋದು ನನ್ನ ಕೆಲ್ಸ. ಇವತ್ತೊಂದಿನ ಒಳಗೆ ಬಿಟ್ಟು ಬರ್ತೀನಿ."

"ಮಟ್ಟ," ಎಂದಳು ದೊಡ್ಡಕ್ಕ.

ನೆಲಮಾಳಿಗೆಯ ನೀರನ್ನೂ ಧೂಳನ್ನೂ ತುಳಿದ ಪಾದಗಳು ಮೆಟ್ಟಿಲೇರಿದವು. ದೊಡ್ಡಕ್ಕ ಉಸಿರಿನೊಳಗೇ ದೇವರ ಪದವೊಂದನ್ನು ಗುನುಗತೊಡಗಿದಳು. ಮುದ್ರಣಾಲಯದಲ್ಲೂ ಅದೇ ಪದ. ಅದರ ತಾಳವೇ ಅವರ ಹೆಜ್ಜೆ. ಪದ ತಿರುಗಿದಲ್ಲಿ ಮೆಟ್ಟಿಲೂ ತಿರುಗಿತು. ಸ್ಟ್ರೆಚರಿನ ಮೇಲಿದ್ದವಳು ಒಂದು ಬೆರಳಷ್ಟೂ ವಾಲಲಿಲ್ಲ.

ಎರಡನೇ ಮಹಡಿಯಲ್ಲಿ ಒಂದು ಬಾಗಿಲು ತೆರೆದು ಮುಚ್ಚಿತು. ಮೂರನೆಯದರಲ್ಲಿ ಅಂಟು ನಿಂತಳು.

"ಭಾರ ಆಯ್ತೇನೇ?"

"ಇಲ್ಲ, ದೊಡ್ಡಕ್ಕ. ಭಾರಾನೇ ಇಲ್ಲ. ಅದಕ್ಕೇ..." ಅಂಟುವಿನ ಮುಖ ಕಿವುಚಿತು. "ಒಂದು ರಾಶಿ ಕಾಗದದಷ್ಟೂ ಇಲ್ಲ ಇವಳು."

"ಅಳ್ಬೇಡ. ಅತ್ರೆ ವಾಲುತ್ತೆ. ಮಟ್ಟ."

ಗಂಡನೂ ಅವನ ಅಕ್ಕನೂ ಲಿಫ್ಟಿನಲ್ಲಿ ಬಂದು ಬಾಗಿಲು ತೆರೆದು ನಿಂತಿದ್ದರು. "ಎಡಗಡೆ ಗೋಡೆ ಜೋಪಾನ," ಎಂದುಬಿಟ್ಟ ಗಂಡ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಚೀಲವನ್ನು ಇನ್ನಷ್ಟು ಅವಚಿಕೊಂಡ.

ಸೂಜಿ ಮೊದಲು ಒಳಗೆ ಹೋದಳು. ಅವಳ ಹಿಂದೆ ಅವರು.

ಮನೆ ಚೆನ್ನಾಗಿತ್ತು. ಅದೇ ಕತ್ತರಿಗೆ ತಡೆಯಲಾಗಲಿಲ್ಲ. ಎಲ್ಲಾದರೂ ಒಂದು ಕಡೆ ಕೆಟ್ಟದಾಗಿದ್ದಿದ್ದರೆ ಬೈಯಬಹುದಿತ್ತು. ಬೆಳಕು ಪರದೆಯಲ್ಲಿ ಸೋಸಿ ಬರುತ್ತಿತ್ತು. ಗೋಡೆಯ ಅಂಚುಗಳು ಹೊಲಿಗೆಯಷ್ಟು ನೇರ. ನೆಲ ಹಾಲಿನ ಬಿಳುಪು. ಕೋಣೆಯಲ್ಲಿ ಎಲ್ಲದಕ್ಕೂ ಒಂದು ಜಾಗವಿತ್ತು; ಒಬ್ಬ ಹೆಂಗಸನ್ನು ಮಲಗಿಸಲು ಮಾತ್ರ ಇರಲಿಲ್ಲ. ಗಾಜಿನ ಮೇಜನ್ನು ಕತ್ತರಿ ಎರಡು ಕೈಯಲ್ಲಿ ಎತ್ತಿ ಹೊರಗಿನ ಓಣಿಯಲ್ಲಿಟ್ಟು ಬಂದಳು. ಯಾರೂ ತಡೆಯಲಿಲ್ಲ.

ಆ ಜಾಗದಲ್ಲಿ ಸೂಜಿಯನ್ನು ಇಳಿಸಿದರು. ದೊಡ್ಡಕ್ಕ ಹೊದಿಕೆಯನ್ನು ಮುಖದಿಂದ ಸರಿಸಿದಳು. ಮೂವರೂ ಅವಳ ಸುತ್ತ ನೆಲದ ಮೇಲೆ ಕೂತರು. ಚಾಲಕ ಬಾಗಿಲ ಬಳಿ ಕೈಕಟ್ಟಿ ನಿಂತ.

"ಬಂದ್ವಿ ಕಣೆ," ಎಂದಳು ದೊಡ್ಡಕ್ಕ.

ಗಂಡ ಗೋಡೆಗೆ ಬೆನ್ನು ಕೊಟ್ಟು ಕುಸಿದು, ಮೊದಲ ಬಾರಿಗೆ, ಬಾಯಿಬಿಟ್ಟು ಅತ್ತ.

ಅವನ ಅಕ್ಕ ನೆಲ ನೋಡುತ್ತಿದ್ದಳು. ಬಾಗಿಲಿನಿಂದ ಸೂಜಿಯವರೆಗೆ, ಅಲ್ಲಿಂದ ಮೇಜನ್ನು ಒಯ್ದ ದಾರಿಯುದ್ದಕ್ಕೂ, ಕಪ್ಪು ಪಾದಗಳ ಗುರುತು. ಬೆರಳುಗಳು, ಹಿಮ್ಮಡಿಗಳು, ಒಂದರ ಮೇಲೊಂದು. ಅವಳು ಒಳಗೆ ಹೋದಳು. ಬಕೆಟ್ಟಿನ ಸದ್ದಾಯಿತು. ಒದ್ದೆ ಬಟ್ಟೆ ತಂದು, ಮಂಡಿಯೂರಿ, ಬಾಗಿಲಿನಿಂದ ಒರೆಸುತ್ತ ಬಂದಳು. ಬಂದವರೆಲ್ಲ ನೋಡುತ್ತಿದ್ದಾರೆಂಬುದು ಅವಳಿಗೆ ಹೊಳೆದಂತಿರಲಿಲ್ಲ. ಒರೆಸುತ್ತ ಒರೆಸುತ್ತ ಗೆಳತಿಯರ ಬಳಿಗೆ ಬಂದಳು.

"ಸ್ವಲ್ಪ ಕಾಲೆತ್ತಿ," ಎಂದಳು.

ಬಟ್ಟೆಯಿಂದ ಇಳಿದ ಕಪ್ಪು ನೀರು ಬಿಳಿ ನೆಲದ ಮೇಲೆ ಗೆರೆಯಾಗಿ ಹರಿದು ಬಂದು ಕತ್ತರಿಯ ಹಿಮ್ಮಡಿಗೆ ತಾಗಿತು, ಅಲ್ಲಿ ನಿಂತಿತು, ಆಮೇಲೆ ಅದನ್ನು ಬಳಸಿಕೊಂಡು ದೊಡ್ಡಕ್ಕನ ಪಾದದ ಕಡೆಗೆ, ಅಂಟುವಿನ ಪಾದದ ಕಡೆಗೆ ಹೋಯಿತು. ಯಾರೂ ಕಾಲೆತ್ತಲಿಲ್ಲ.