ನಾಲ್ಕು ದಿನ ಕರೆಂಟ್ ಇರಲಿಲ್ಲ

ನೀರನ್ನು ಹೊರಗೆ ಚೆಲ್ಲುವುದಕ್ಕೆ ನನಗೆ ಹದಿನಾರು ವರ್ಷ ಸಂಬಳ ಕೊಟ್ಟರು. ಕುಷ್ಟಗಿ ಕಡೆಯ ಒಣ ಸೀಮೆಯಲ್ಲಿ ಇಂಥದ್ದೊಂದು ನೌಕರಿ ಇತ್ತೆಂದರೆ ಯಾರೂ ನಂಬುವುದಿಲ್ಲ. ಆದರೆ ಇತ್ತು. ಕೆಂಪು ಗ್ರಾನೈಟ್ ತೆಗೆಯುವ ಕ್ವಾರಿ ಆಳಕ್ಕೆ ಇಳಿದಂತೆಲ್ಲ ಬಂಡೆಯ ಬಿರುಕುಗಳಿಂದ ನೀರು ಜಿನುಗುತ್ತಿತ್ತು. ತಳದಲ್ಲಿ ನೀರು ನಿಂತರೆ ಕಲ್ಲು ಕೊರೆಯುವ ಕೆಲಸ ನಿಲ್ಲುತ್ತದೆ. ಹಾಗಾಗಿ ಮೋಟರ್ ಹಗಲೂ ರಾತ್ರಿ ಓಡಬೇಕು, ನೀರು ಹಳ್ಳಕ್ಕೆ ಹೋಗಬೇಕು. ಅದರ ಸ್ವಿಚ್ ಒತ್ತುವವನು ನಾನು. ಊರಲ್ಲಿ ನನ್ನನ್ನು ಮೋಟರ್ ಗಾಳೇಶ ಎನ್ನುತ್ತಿದ್ದರು, ಅದರಲ್ಲಿ ನನಗೆ ಹೆಮ್ಮೆಯೂ ಇತ್ತು, ಮಂಗ್ಯಾನ ಬುದ್ಧಿ.

ಕ್ವಾರಿಯ ಬೇಲಿಗೆ ಹೊಂದಿಕೊಂಡೇ ನನ್ನ ಅಕ್ಕ ಮಾರೆವ್ವನ ಹೊಲ. ಅಲ್ಲಿ ಅಕ್ಕನ ಗಂಡ ವಿರುಪಣ್ಣ ಮಾವ ಮೂರು ಬೇಸಿಗೆ ಬೆನ್ನು ಬಗ್ಗಿಸಿ ತಾನೇ ತೋಡಿದ ಮೆಟ್ಟಿಲು ಬಾವಿ, ಅದರ ಸುತ್ತ ಮೂವತ್ತೆರಡು ನಿಂಬೆ ಗಿಡ. ಯಾರೇ ಬರಲಿ, ಮೊದಲು ಬಾವಿ ತೋರಿಸಿ ಆಮೇಲೆ ಚಹಾ ಕುಡಿಸುವ ಮನುಷ್ಯ ಅವನು. ಹತ್ತು ವರ್ಷದ ಹಿಂದೆ ಆ ಬಾವಿ ಬತ್ತಿತು.

"ಗಾಳೇಶಾ, ಎಂಟು ದಿನ ನಿನ್ನ ಮೋಟರ್ ಬಂದ್ ಮಾಡಿ ನೋಡಪಾ" ಎಂದಳು ಅಕ್ಕ.

"ಹುಚ್ಚಿ ಹಂಗ ಮಾತಾಡಬ್ಯಾಡ ಯಕ್ಕಾ. ಕಲ್ಲಿನ ನೀರು ಬ್ಯಾರೆ, ಬಾವಿ ನೀರು ಬ್ಯಾರೆ" ಎಂದು ನಾನು ನಕ್ಕೆ.

ಆಗ ನಾನು ಹಾಗೆಂದೇ ನಂಬಿದ್ದೆ, ಇದನ್ನಾದರೂ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಮುಂದಿನದಕ್ಕೆ ಹೇಳಿಕೊಳ್ಳಲು ಏನೂ ಇಲ್ಲ. ಅದೇ ತಿಂಗಳು ಕ್ವಾರಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನ ಕರೆಂಟ್ ಇರಲಿಲ್ಲ. ಅಕ್ಕ, ಮಾವ ಇಬ್ಬರೂ ಬೀಗರ ಮನೆಯ ಮದುವೆಗೆಂದು ಯಲಬುರ್ಗಾಕ್ಕೆ ಹೋಗಿದ್ದರು. ನಾಲ್ಕನೆಯ ದಿನ ಕೆಲಸವಿಲ್ಲದೆ ಅಡ್ಡಾಡುತ್ತ ಬಾವಿಗೆ ಹೋಗಿ ಇಣುಕಿದೆ. ಕೆಳಗಿನ ಮೂರು ಮೆಟ್ಟಿಲು ನೀರಲ್ಲಿದ್ದವು. ಇಳಿದು ಹೋಗಿ ಕಾಲು ತೊಳೆದುಕೊಂಡೆ. ನೀರು ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಕರೆಂಟ್ ಬಂತು, ನಾನು ಸ್ವಿಚ್ ಒತ್ತಿದೆ. ಅವರು ಊರಿಗೆ ಬರುವಷ್ಟರಲ್ಲಿ ಬಾವಿಯ ತಳ ಮತ್ತೆ ಕಂಡಿತ್ತು. ಮುಂದಿನ ವಾರ ಅಕ್ಕನ ಅರ್ಜಿ ನೋಡಿ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಊರವರ ಎದುರಿಗೇ ನನ್ನನ್ನು ಕೇಳಿದರು. ಕಲ್ಲಿನ ನೀರು ಬೇರೆ, ಬಾವಿ ನೀರು ಬೇರೆ ಎಂದೆ. ನೌಕರಿ ಹೋಗುವ ಭಯ ಅಂದರೆ ಅದು ಅರ್ಧ ಮಾತು. ಮೋಟರ್ ಗಾಳೇಶನಿಗೆ ತಿಳಿಯಲಿಲ್ಲ ಎಂದು ಯಾರೂ ಅನ್ನಬಾರದೆಂಬ ಜಂಬ ಇನ್ನರ್ಧ.

ಆ ವರ್ಷದಿಂದ ಅಕ್ಕ ಪಂಚಮಿಗೆ ತವರಿಗೆ ಬರಲಿಲ್ಲ. ನಾನು ಸೀರೆ ತೆಗೆದುಕೊಂಡು ಹೋದರೆ ಬಾಗಿಲು ತೆರೆಯಲಿಲ್ಲ. ನಿಂಬೆ ಗಿಡ ಒಣಗಿ ಒಲೆ ಸೇರಿದವು. ಅಕ್ಕ ಕಂಡವರ ದಾಳಿಂಬೆ ತೋಟಕ್ಕೆ ಕೂಲಿ ಹೋದಳು. ಆರು ವರ್ಷದ ಹಿಂದೆ ಮಾವ ತೀರಿಕೊಂಡ. ಅದಾಗಿ ಎರಡು ವರ್ಷಕ್ಕೆ ಕ್ವಾರಿಯೂ ಬಂದ್ ಆಯಿತು, ಮಾಲೀಕರು ಕ್ರೇನ್ ಹೇರಿಕೊಂಡು ಹೋದರು.

ಈ ಸಲ ಪಂಚಮಿಗೆ ಇನ್ನೂ ಎಂಟು ದಿನ ಇದೆ ಎನ್ನುವಾಗ ಬೆಳಿಗ್ಗೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನ ಹೆಂಡತಿ ಕಳಕಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು.

"ಬಾವ್ಯಾಗ ನೀರು ಬಂದೈತಿ ಗಾಳೇಶಾ" ಎಂದಳು ಅಕ್ಕ. "ಮ್ಯಾಲಿನ ಮೆಟ್ಟಲ ತನಕ ಬಂದೈತಿ. ಮೋಟರ್ ನಿಂತು ನಾಕು ವರ್ಷ ಆತು, ಆದ್ರೂ ಹ್ವಾದ ವರ್ಷದ ತನಕ ಒಣಗೇ ಇತ್ತು. ಅಂದ್ರ ಅದು ನಿನ್ನ ಮೋಟರಿಂದಲ್ಲ, ಗಂಗವ್ವನ ಮುನಿಸು. ಸುಳ್ಳೇ ನಿನ್ನ ಮ್ಯಾಲ ಹೊರಿಸಿದ್ನಿ. ತಪ್ಪಾತು ತಮ್ಮಾ. ಈ ಪಂಚಮಿಗೆ ಬರ್ತೀನಿ."

ಕಳಕಮ್ಮ ಅಳತೊಡಗಿದಳು. ನನಗೆ ಅಳುವಷ್ಟೂ ಯೋಗ್ಯತೆ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಹೂಂ ಅಂದಿದ್ದರೆ ಸಾಕಿತ್ತು, ಹತ್ತು ವರ್ಷದ ಮೇಲೆ ಅಕ್ಕ ಮರಳಿ ಸಿಗುತ್ತಿದ್ದಳು. ಗಂಗವ್ವನ ಪೂಜೆಗೆ ನೀನೂ ಬಾ ಎಂದು ಕರೆದಳು. ರಸ್ತೆ ಹಿಡಿದು ಹೋಗಬಹುದಿತ್ತು. ನನ್ನ ಕಾಲು ಕ್ವಾರಿಯ ದಾರಿ ಹಿಡಿದವು.

ಲಾರಿ ಓಡಾಡುತ್ತಿದ್ದ ಇಳಿಜಾರಿನ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಅಕ್ಕ ಸೆರಗು ಬಿಡಿಸಿಕೊಳ್ಳುತ್ತ ಮುಂದೆ ನಡೆದಳು. ನಾನು ಮಲಗುತ್ತಿದ್ದ ಮೋಟರ್ ಖೋಲಿಯ ತಗಡು ಎತ್ತಿಕೊಂಡು ಅತ್ತಿ ಗಿಡವೊಂದು ಹೊರಗೆ ಬಂದಿತ್ತು. ಜೋತುಬಿದ್ದ ಕರೆಂಟ್ ತಂತಿಯಲ್ಲಿ ಗೀಜಗನ ಗೂಡುಗಳು. ಡೈನಮೈಟ್ ಹೊಡೆದು ಹೊಡೆದು ಒಂದು ಗುಬ್ಬಿಯೂ ಸುಳಿಯದ ಜಾಗ ಅದು. ಈಗ ನಾಲ್ಕು ಆಳು ಆಳದ ಹಸಿರು ನೀರು, ದಂಡೆಗೆ ಜೊಂಡು, ನಮ್ಮ ಹೆಜ್ಜೆ ಕೇಳಿ ಎರಡು ನವಿಲು ಸರಿದು ಹೋದವು. ನನ್ನ ಹದಿನಾರು ವರ್ಷದ ದುಡಿಮೆಯ ಗುರುತು ಅಂತ ಉಳಿದದ್ದು ನೀರಿಂದ ಮೇಲಕ್ಕೆ ಚಾಚಿದ ಒಂದು ತುಕ್ಕು ಪೈಪು. ಅದರ ಮೇಲೂ ಮಿಂಚುಳ್ಳಿ ಕೂತು ಹೇತಿತ್ತು.

"ಎಷ್ಟು ಛಲೋ ಆಗೈತಲ್ಲೋ, ಕೆರಿ ಹಂಗ" ಎಂದು ಅಕ್ಕ ಕಡಿದು ಬಿಟ್ಟ ಕಲ್ಲೊಂದರ ಮೇಲೆ ಕೂತಳು. ತಾನಾಗಿಯೇ ಮಾವನ ಮಾತು ತೆಗೆದಳು.

"ಮನಿಯಾಂವ ಸಾಯೂ ತನಕ ಅದನ್ನ ಅಂದ. ಬಾವಿಗೆ ಜಾಗಾ ತಪ್ಪು ಹಿಡದ್ನಿ, ನನ್ನ ಕೈಗುಣ ಛಲೋ ಇಲ್ಲ ಅಂತ. ಕಡೀ ದಿನ ಹೌದೋ ಅಲ್ಲೋ ಅಂತ ನನ್ನ ಕೇಳಿದ. ಏನ್ ಹೇಳ್ಲಿ? ನಾನೂ ಹೌದು ಅಂದ್ನಿ."

ಇದನ್ನು ಕೇಳಿಯೂ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಯಕ್ಕಾ, ಮಾವ ಜಾಗಾ ತಪ್ಪು ಹಿಡದಿದ್ದಿಲ್ಲ. ನೀವು ಯಲಬುರ್ಗಾಕ್ಕ ಹೋದಾಗ ನಾಕು ದಿನ ಕರೆಂಟ್ ಇದ್ದಿದ್ದಿಲ್ಲ, ಮೋಟರ್ ನಿಂತಿತ್ತು. ನಿಮ್ಮ ಬಾವ್ಯಾಗ ಮೂರು ಮೆಟ್ಟಲ ನೀರು ಏರಿತ್ತು. ನಾನ ನೋಡೀನಿ. ಕಾಲು ತೊಳಕೊಂಡೀನಿ. ಆಮ್ಯಾಲ ಆರು ವರ್ಷ ಈ ಹೊಂಡ ಇನ್ನೂ ಆಳಕ್ಕ ಕಡಿದ್ರು, ಅದಕ್ಕ ತುಂಬಾಕ ಇಷ್ಟು ವರ್ಷ ಹಿಡೀತು, ಇದು ತುಂಬಿದ ಮ್ಯಾಲ ಅದಕ್ಕ ನೀರು ಬಂತು. ಎಲ್ಲಾ ಒಂದ ನೀರು."

ಅಕ್ಕ ಬೈಯಲಿಲ್ಲ. ನೀರನ್ನೇ ನೋಡುತ್ತ ಒಂದೇ ಮಾತು ಕೇಳಿದಳು.

"ಅಂವ ಬದುಕಿದ್ದಾಗ ನಿನಗ ಇದು ಗೊತ್ತಿತ್ತು?"

"ಗೊತ್ತಿತ್ತು."

ಎದ್ದು ಹೊರಟಳು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಬಾವಿಗೆ ಬಂದು ಮೆಟ್ಟಿಲಿಗೆ ಕುಂಕುಮ ಹಚ್ಚಿದಳು, ಕಾಯಿ ಒಡೆದಳು, ನೀರಿಗೆ ಕೈ ಮುಗಿದಳು. ಆಮೇಲೆ ಬಗ್ಗಿ ಬಾವಿಯೊಳಗೆ ಜೋರಾಗಿ ಕೂಗಿದಳು.

"ವಿರುಪಣ್ಣಾ! ನಿನ್ನ ಬಾವಿ ಜಾಗಾ ತಪ್ಪಿದ್ದಿಲ್ಲೋ! ನಾ ಸುಳ್ಳ ಹೇಳಿದ್ನಿ!"

ಮದುವೆಯ ದಿನ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ನನ್ನ ಅಕ್ಕ ಗಂಡನ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಹೆಂಗಸರು ಹೇಳುವುದಿಲ್ಲ. ಹೇಳಿದ ಸುಳ್ಳು ನನ್ನದು, ತಪ್ಪೊಪ್ಪಿಕೊಂಡವಳು ಅವಳು. ನನಗೆ ಆ ಬಾವಿಗೆ ಬಿದ್ದು ಸಾಯಬೇಕೆನ್ನಿಸಿತು. ಆದರೆ ಆ ನೀರನ್ನು ಹೊಲಸು ಮಾಡುವ ಹಕ್ಕೂ ನನಗಿರಲಿಲ್ಲ.

ಅಕ್ಕ ಕೊಡ ತುಂಬಿ ಸೊಂಟಕ್ಕೆ ಇಟ್ಟುಕೊಂಡಳು. ಬಿಸಿಲು ಏರಿತ್ತು, ನನ್ನ ಬಾಯಿ ಒಣಗಿತ್ತು. ಕುಡಿ ಎನ್ನಲಿಲ್ಲ.

"ಇಷ್ಟು ವರ್ಷ ಸಿಟ್ಟಿನಿಂದ ತವರಿಗೆ ಬಂದಿದ್ದಿಲ್ಲ ತಮ್ಮಾ" ಎಂದಳು, ದನಿ ಮೆತ್ತಗಿತ್ತು. "ಇನ್ನ ಮ್ಯಾಲ ಎಲ್ಲಾ ಗೊತ್ತಾಗಿ ಬರೂದಿಲ್ಲ. ಕಳಕಮ್ಮಗ ಹೇಳು, ನನ್ನ ದಾರಿ ಕಾಯೂದು ಬ್ಯಾಡ ಅಂತ."

ನಾನು ರಸ್ತೆ ಹಿಡಿದು ಮನೆಗೆ ಬಂದೆ. ಕಳಕಮ್ಮ ಒಲೆ ಮುಂದೆ ಕೂತು ಎಳ್ಳು ಹುರಿಯುತ್ತಿದ್ದಳು.

"ಮಾರೆವ್ವಕ್ಕಗ ಎಳ್ಳುಂಡಿ ಅಂದ್ರ ಭಾಳ ಸೇರ್ತೈತಿ, ಹೌದಲ್ರಿ?" ಎಂದಳು.

"ಹೌದು" ಎಂದೆ. ಅವಳು ಇನ್ನೊಂದು ಹಿಡಿ ಎಳ್ಳು ಹಾಕಿದಳು. ನಾನು ಬೇಡವೆನ್ನಲಿಲ್ಲ.