ಅಲುಗಾಡುವ ಭಾಗ

ಹೊಸ ಸಂಗ್ರಹ ಯಂತ್ರ ಬಂದಿಳಿದ ದಿನ ಕಚೇರಿಯಲ್ಲಿ ಎಲ್ಲರಿಗೂ ಅದರ ಮೈ ಮುಟ್ಟಿ ನೋಡುವ ಆಸೆ. ಬೀರುವಿನೆತ್ತರದ ಕಪ್ಪು ಚೌಕಟ್ಟು, ಹೊಟ್ಟೆಯೊಳಗೆ ಸಾಲು ಸಾಲು ಡಿಸ್ಕು, ಬೆನ್ನಿಂದ ಹೊರಟ ಹಳದಿ ಕೇಬಲ್ಲುಗಳು. ಅದನ್ನು ನಿಲ್ಲಿಸಿ, ಜೋಡಿಸಿ, ಪರೀಕ್ಷೆಯ ಪ್ರತಿ ಮೇಜಿಗೂ ಅದರ ಕೇಬಲ್ ತಲುಪಿಸುವ ಕೆಲಸ ಡಿಸ್ಕಕ್ಕನದು. ಹಳೇ ಡಿಸ್ಕುಗಳನ್ನು ಕಾಯುವ ಹಿಂದಿನ ಕೋಣೆಯಲ್ಲೇ ವರ್ಷಗಟ್ಟಲೆ ತಲೆ ಹಣ್ಣು ಮಾಡಿಕೊಂಡ ಅವಳಿಗೆ ಹುಡುಗರು ಇಟ್ಟ ಹೆಸರು ಅದು. ಅವಳೂ ಓಗೊಡುತ್ತಿದ್ದಳು.

ಆ ಕಚೇರಿಯವರ ಕಸುಬು, ದಾರಿ ತೋರಿಸುವ ಪೆಟ್ಟಿಗೆಗಳನ್ನು ಪರೀಕ್ಷಿಸುವುದು. ಹಡಗಿನದಿರಲಿ ಆಂಬುಲೆನ್ಸಿನದಿರಲಿ, ಪ್ರತಿಯೊಂದನ್ನೂ ಹೊತ್ತುಕೊಂಡು ರಸ್ತೆ ರಸ್ತೆ ಅಲೆಯುವುದು ಆಗದ ಮಾತು. ಅದಕ್ಕೇ ಒಂದು ವ್ಯಾನಿನ ನೆತ್ತಿಗೆ ಆಂಟೆನಾ ಕೂರಿಸಿ, ಉಪಗ್ರಹಗಳಿಂದ ಇಳಿದು ಬರುವ ಸಿಗ್ನಲ್ಲನ್ನು ಬಂದ ಹಾಗೇ ಹಿಡಿದು ಡಿಸ್ಕಿಗೆ ತುಂಬಿಕೊಂಡು ಬರುತ್ತಿದ್ದರು. ಕಿಟಕಿಯಿಲ್ಲದ ಕೋಣೆಯಲ್ಲಿ ಅದನ್ನು ಮತ್ತೆ ಹರಿಯಬಿಟ್ಟರೆ ಆಯಿತು. ಪೆಟ್ಟಿಗೆ ಪಾಪ, ತಾನು ಅಂದಿನ ಆ ರಸ್ತೆಯಲ್ಲೇ, ಅಂದಿನ ಆ ಆಕಾಶದ ಕೆಳಗೇ ಇದ್ದೇನೆಂದು ನಂಬಿಬಿಡುತ್ತಿತ್ತು.

ಆ ವ್ಯಾನು ಓಡಿಸುತ್ತಿದ್ದವನು ಡಿಸ್ಕಕ್ಕನ ತಮ್ಮ. ಅವನಿಗೂ ಒಂದು ಹೆಸರಿಟ್ಟಿದ್ದರು: ಬಸವನಹುಳು. ನಿಧಾನ ಓಡಿಸು ಅಂತ ಅಪ್ಪಣೆ ಕೊಡುವವರೂ ಅವರೇ, ನಿಧಾನ ಓಡಿಸಿದ್ದಕ್ಕೆ ಹೆಸರಿಟ್ಟು ನಗುವವರೂ ಅವರೇ. ಕಳೆದ ಚಳಿಗಾಲದಲ್ಲಿ ಅದೇ ವ್ಯಾನಿನೊಳಗೆ ಅವನು ಸತ್ತಿದ್ದ.

ಅವತ್ತು ವ್ಯಾನು ಎಲ್ಲಿಗೂ ಓಡಬೇಕಿರಲಿಲ್ಲ. ಬಯಲಲ್ಲಿ ನಿಂತು ಇಡೀ ಹಗಲಿನ ಸಿಗ್ನಲ್ ಹಿಡಿಯಬೇಕಿತ್ತು. ಸಿಗ್ನಲ್ಲನ್ನು ಡಿಸ್ಕಿಗೆ ತುಂಬುವ ಯಂತ್ರಕ್ಕೆ ಕರೆಂಟು ಕೊಡಲು ಒಂದು ಸಣ್ಣ ಜನರೇಟರು. ಅದನ್ನು ಯಾವಾಗಲೂ ಹೊರಗಿಟ್ಟು ಕೇಬಲ್ ಎಳೆದುಕೊಳ್ಳುವುದು ರೂಢಿ. ಅವತ್ತು ಮ್ಯಾನೇಜರು ಫೋನು ಮಾಡಿ, "ಹೊರಗಿಟ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ, ಒಳಗೇ ಎಳ್ಕೋ. ಬಾಗಿಲು ತೆಗೀಬೇಡ, ಯಂತ್ರಕ್ಕೆ ಧೂಳು ಆಗಲ್ಲ" ಅಂದರು. ಯಂತ್ರಕ್ಕೆ ಧೂಳು ಆಗುವುದಿಲ್ಲ. ಮನುಷ್ಯನಿಗೆ ಹೊಗೆ ಆಗುತ್ತದೋ ಇಲ್ಲವೋ, ಅದನ್ನು ಯಾರೂ ಕೇಳಲಿಲ್ಲ. ಸಂಜೆ ವ್ಯಾನು ತರಲು ಹೋದವರು ಬಾಗಿಲು ಒಡೆದು ತೆಗೆದರು. ವಿಚಾರಣೆಗೆ ಬಂದವರೆದುರು ಮ್ಯಾನೇಜರು, "ಕೆಲಸದ ಹೊತ್ತಲ್ಲಿ ನಿದ್ದೆ ಮಾಡಿದ್ದಾನೆ, ಸ್ವಂತ ಅಜಾಗ್ರತೆ" ಅಂತ ಹೇಳಿ ಕೈ ತೊಳೆದುಕೊಂಡರು. ಬಂದವರೂ ತಲೆಯಾಡಿಸಿ ಎದ್ದು ಹೋದರು. ಡಿಸ್ಕಕ್ಕ ಮತ್ತೆ ಹಿಂದಿನ ಕೋಣೆಯ ಕೆಲಸಕ್ಕೆ ಬಂದು ಕೂತಳು. ತಮ್ಮನ ಮನೆಯೂ ಇನ್ನು ಅವಳ ಹೆಗಲಿಗೇ ಬಿದ್ದಿತ್ತು.

ತಮ್ಮನ ಹೆಂಡತಿ ಹೊಲಿಗೆ ಕೆಲಸದವಳು. ಅಂದಿನಿಂದ ಅವಳದು ಒಂದೇ ಪ್ರಶ್ನೆ. ಅನ್ನಕ್ಕೆ ಕೂತಾಗ, ಬಟ್ಟೆ ಮಡಚುವಾಗ, ಮಾತಿನ ಮಧ್ಯೆ ಸುಮ್ಮನೆ ತಲೆಯೆತ್ತಿ ಕೇಳುತ್ತಿದ್ದಳು. "ಅತ್ತಿಗೆ, ಅವರು ನಿಜವಾಗ್ಲೂ ಮಲಗಿಬಿಟ್ಟಿದ್ರಾ?"

"ನಂಗೇನು ಗೊತ್ತೇ ಹುಡುಗಿ" ಅನ್ನುತ್ತಿದ್ದಳು ಡಿಸ್ಕಕ್ಕ.

ಯಂತ್ರ ಜೋಡಣೆಯ ಕೊನೆಗೆ ಮ್ಯಾನೇಜರು ತಮ್ಮ ಬೀಗದ ಕಪಾಟಿನಿಂದ ಒಂದು ಡಿಸ್ಕು ತಂದು ಕೊಟ್ಟರು. ಮೇಲೆ ದಪ್ಪಕ್ಷರದಲ್ಲಿ 'ಚಿನ್ನ' ಅಂತ ಬರೆದಿತ್ತು. "ನಮ್ಮ ಹತ್ರ ಇರೋದ್ರಲ್ಲೆಲ್ಲ ಶುದ್ಧವಾದ ಸಿಗ್ನಲ್ ಇದು. ಪರೀಕ್ಷೆಗೆ ಇನ್ನು ಮುಂದೆ ಇದೇ ಅಳತೆಗೋಲು. ದಿನಾ ಬೆಳಗ್ಗೆ ಎಲ್ಲ ಮೇಜಲ್ಲೂ ಮೊದಲು ಇದು ಓಡಬೇಕು. ಆದ್ರೆ ಪೂರ್ತಿ ಇಡಬೇಡಿ, ಜಾಗ ತಿನ್ನುತ್ತೆ. ಮೊದಲರ್ಧ ಅಲುಗಾಡುತ್ತೆ, ಅದನ್ನ ಕತ್ತರಿಸಿ ಎಸೀರಿ. ನಿಶ್ಚಲವಾಗಿರೋ ಭಾಗ ಸಾಕು."

"ಸರಿ ಸಾರ್" ಅಂದಳು. ಕತ್ತರಿಸುವ ಮೊದಲು ಒಂದು ಸಲ ಪೂರ್ತಿ ಓಡಿಸಿ ನೋಡುವುದು ಅವಳ ಪದ್ಧತಿ. ಕೇಬಲ್ಲಿನಲ್ಲಿ ಎಲ್ಲಾದರೂ ಕಣ್ಣೆವೆಯಷ್ಟು ತಡೆಯಾದರೂ ಪೆಟ್ಟಿಗೆಯ ಪಾಲಿಗೆ ಆಕಾಶವೇ ಕಳಚಿ ಬಿದ್ದಂತೆ. ಅದು ಆಗಬಾರದು.

ಕನ್ನಡಕದವನ ಮೇಜಿನ ಪೆಟ್ಟಿಗೆಗೆ ಜೋಡಿಸಿ ಓಡಿಸಿದಳು. ಅವನು ಪರೀಕ್ಷಕ, ಸದಾ ಕೀಟಲೆಯ ಮನುಷ್ಯ. ಅವತ್ತು ಮಾತ್ರ ಅವಳು ಕುರ್ಚಿ ಎಳೆದುಕೊಳ್ಳುತ್ತಿದ್ದಂತೆ ಎದ್ದು ನಿಂತ.

"ಡಿಸ್ಕಕ್ಕ, ಇದನ್ನ ನೀವು ನೋಡಬೇಡಿ. ನಾನೇ ನೋಡ್ಕೋತೀನಿ."

"ಯಾಕಪ್ಪಾ, ನನ್ನ ದೃಷ್ಟಿ ತಾಗುತ್ತಾ ನಿನ್ನ ಚಿನ್ನಕ್ಕೆ?"

ಅವನು ನಗಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆ ಆಕಾಶವನ್ನು ಹಿಡಿಯಿತು. ಯಾವ ಉಪಗ್ರಹಗಳು ಎಲ್ಲಿವೆ ಅಂತ ಲೆಕ್ಕ ಹಾಕಿ, ತನಗೆ ತಿಳಿದ ತಾರೀಖನ್ನು ಪರದೆಯ ಮೂಲೆಯಲ್ಲಿ ತೋರಿಸಿತು. ಪೆಟ್ಟಿಗೆಯ ಪಾಲಿಗೆ ಅದೇ ಇವತ್ತು. ಆ ತಾರೀಖನ್ನು ಡಿಸ್ಕಕ್ಕ ತಮ್ಮನ ಗೋರಿಯ ಕಲ್ಲಿನ ಮೇಲೆ ಕೆತ್ತಿಸಿದ್ದಳು.

"ಇದಾ ಚಿನ್ನ?" ಅಂದಳು.

ಕನ್ನಡಕದವನು ಕನ್ನಡಕ ತೆಗೆದು ಒರೆಸತೊಡಗಿದ.

ಪರದೆಯ ಮೇಲೆ ಒಂದು ಗೆರೆ ಹರಿಯುತ್ತಿತ್ತು. ವ್ಯಾನು ನಿಂತಿದ್ದರೂ ಗೆರೆ ನಿಂತಿರಲಿಲ್ಲ. ಈ ಸಿಗ್ನಲ್ಲುಗಳು ಅಷ್ಟು ಸೂಕ್ಷ್ಮ, ಒಳಗೆ ಕೂತವನು ಮಗ್ಗುಲಾದರೂ ವ್ಯಾನಿನ ಸ್ಪ್ರಿಂಗು ತೂಗಿ, ನೆತ್ತಿಯ ಆಂಟೆನಾ ಕೂದಲೆಳೆಯಷ್ಟು ಸರಿದು, ಗೆರೆಯಲ್ಲಿ ಕಾಣಿಸಿಬಿಡುತ್ತದೆ. ಇಲ್ಲೊಂದು ದೊಡ್ಡ ತೂಗಾಟ, ಎದ್ದು ಕೂತಿದ್ದಾನೆ. ಅಲ್ಲೊಂದು ಕುಲುಕು, ಬುತ್ತಿ ತೆಗೆದಿದ್ದಾನೆ. ಅವೆಲ್ಲದರ ಅಡಿಯಲ್ಲಿ, ಬಿಡದೆ, ಒಂದು ಸಣ್ಣ ನಡುಕ. ಟಕಟಕ ಟಕಟಕ, ಒಂದೇ ಸಮ.

"ಇದೇನು? ಜನರೇಟರಾ?" ಅಂದಳು.

"ಜನರೇಟರು ಇನ್ನೂ ವೇಗ, ಅದು ಬೇರೆ ಕಾಣುತ್ತೆ. ಇದು…" ಕನ್ನಡಕದವನು ತಡವರಿಸಿದ. "ಇದು ಕಾಲು ಅಕ್ಕ. ಕಾಲು ಅಲ್ಲಾಡಿಸ್ತಾ ಕೂತಿದ್ದ. ಇಲ್ಲಿಂದಲೇ ನಾನು ನೋಡ್ತಿದ್ದೆ, ವ್ಯಾನಿಂದ ಆಗಾಗ ಇಲ್ಲಿಗೂ ಸಿಗ್ನಲ್ ಬರ್ತಿತ್ತಲ್ಲ. ನಾನೇ ಫೋನ್ ಮಾಡ್ದೆ. ಲೋ ಬಸವನಹುಳು, ಕಾಲು ನಿಲ್ಲಿಸೋ ಮಾರಾಯ, ನಿನ್ನಿಂದ ಸಿಗ್ನಲ್ ಕುಣೀತಾ ಇದೆ ಅಂದೆ. ನಕ್ಕ. ನನ್ನಕ್ಕನ ಕೈಲೇ ಆಗಲಿಲ್ಲ, ನಿಮ್ಮ ಕೈಲಿ ಆಗುತ್ತಾ ಅಂದ."

ಡಿಸ್ಕಕ್ಕನ ಕಣ್ಣಿಗೆ ಮನೆಯ ಮೆಟ್ಟಿಲು ಕಟ್ಟಿತು. ಪಾಠ ಓದುವಾಗ, ಕ್ಷೌರಕ್ಕೆ ಕೂತಾಗ, ಅಮ್ಮನ ಹೆಣದ ಪಕ್ಕ ಕೂತಾಗಲೂ ಅವನ ಮೊಣಕಾಲು ಕುಣಿಯುತ್ತಿತ್ತು. "ಒಂದು ಗಳಿಗೆ ಸುಮ್ನೆ ಕೂತ್ಕೊಳೋ, ಪಾತ್ರೆಗಳೆಲ್ಲ ಉದುರ್ತವೆ" ಅಂತ ಬೈದು ಬೈದು ಅವಳ ನಾಲಿಗೆ ಸವೆದಿತ್ತು.

ಮಧ್ಯಾಹ್ನದ ಹೊತ್ತಿಗೆ ಗೆರೆಯಲ್ಲಿ ನಡುಕ ನಿಧಾನವಾಯಿತು. ನಿಂತಿತು. ಮತ್ತೆ ಶುರುವಾಯಿತು. ಆಮೇಲೆ ಇದ್ದಕ್ಕಿದ್ದಂತೆ ಇಡೀ ವ್ಯಾನು ಒಂದು ಕಡೆಗೆ ವಾಲಿತು. ಬಾಗಿಲಿನ ಕಡೆಗೆ. ಒಂದು ಗುದ್ದು. ಇನ್ನೊಂದು. ಒಳಗೆಳೆದುಕೊಂಡ ಜನರೇಟರು ಕೂತಿದ್ದದ್ದು ಆ ಬಾಗಿಲಿಗೇ ಒತ್ತಿಕೊಂಡು. ಮುಂದಿನ ಸೀಟಿಗೂ ಹಿಂಭಾಗಕ್ಕೂ ನಡುವೆ ತಗಡಿನ ಗೋಡೆ. ಮೂರನೆಯ ಗುದ್ದಿಗೆ ಬಲವಿರಲಿಲ್ಲ.

ಆಮೇಲೆ ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ, ನೆಟ್ಟಗೆ ಹೋಯಿತು.

"ಆಗ ನೀವೆಲ್ಲ ಏನು ಮಾಡಿದ್ರಿ?" ಅವಳ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

ಕನ್ನಡಕದವನು ನೆಲ ನೋಡಿದ. "ವಾಲಿದ್ದು ನಾನು ನೋಡಲಿಲ್ಲ ಅಕ್ಕ, ಊಟಕ್ಕೆ ಎದ್ದಿದ್ದೆ. ಬಂದು ನೋಡಿದ್ರೆ ಇಷ್ಟು ಶುದ್ಧವಾಗಿತ್ತು. ಅಂತೂ ಕಾಲು ನಿಲ್ಲಿಸಿದ ಅಂತ… ಚಪ್ಪಾಳೆ ತಟ್ಟಿದ್ವಿ."

ಅವಳು ಅಳಲಿಲ್ಲ. ಹಿಂದಿನ ಕೋಣೆಗೆ ಹೋಗಿ ಹೊಸ ಯಂತ್ರದೆದುರು ನಿಂತಳು. ಒಂದೊಂದು ಡಿಸ್ಕಿನ ಹಣೆಯಲ್ಲೂ ಹಸಿರು ದೀಪ. ಇದರಲ್ಲಿ ಒಂದು ಡಿಸ್ಕು ಸತ್ತರೆ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಯಂತ್ರ ಕಿಟಾರನೆ ಕೂಗಿಕೊಳ್ಳುತ್ತದೆ, ಮ್ಯಾನೇಜರಿನ ಫೋನಿಗೆ ಸುದ್ದಿ ಹೋಗುತ್ತದೆ, ಸತ್ತದ್ದರ ಪಾಲನ್ನು ಉಳಿದವು ತುಂಬಿಕೊಡುತ್ತವೆ. ಆ ಏರ್ಪಾಡನ್ನೆಲ್ಲ ಅವಳೇ ಕೈಯಾರೆ ಮಾಡಿದ್ದಳು. ಡಿಸ್ಕಿಗೆ ಇಷ್ಟು ಗೋಳಾಡುವ ಜನ, ಮನುಷ್ಯ ಸತ್ತಾಗ ಚಪ್ಪಾಳೆ ತಟ್ಟಿದ್ದರು. ಈಗ ಅವನು ಬದುಕಿದ್ದ ಅರ್ಧವನ್ನು ಕತ್ತರಿಸಿ ಎಸೆ, ಸತ್ತ ಅರ್ಧವನ್ನು ಚಿನ್ನ ಅಂತ ಇಟ್ಟುಕೋ ಅನ್ನುತ್ತಿದ್ದರು. ಅದೂ ಅವಳ ಕೈಯಿಂದಲೇ. ಬದುಕಿದ್ದದ್ದು ಜಾಗ ತಿನ್ನುತ್ತದಂತೆ!

ಮಾರನೆಯ ಬೆಳಗ್ಗೆ ಎಲ್ಲ ಮೇಜುಗಳೂ ಒಟ್ಟಿಗೆ ಹೊಸ ಯಂತ್ರಕ್ಕೆ ಜೋಡಿಕೊಂಡವು. ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ನಿಂತು, "ಶುರು ಮಾಡಿ" ಅಂದರು. ಎಲ್ಲ ಪರದೆಗಳ ಮೂಲೆಯಲ್ಲೂ ಅದೇ ತಾರೀಖು ಮೂಡಿತು. ಆಮೇಲೆ ಗೆರೆಗಳು ಮೂಡಿದವು. ಕೋಣೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಗೆರೆಗಳೂ ಒಂದೇ ತಾಳಕ್ಕೆ ಕುಣಿಯತೊಡಗಿದವು.

"ಏನ್ರೀ ಇದು, ಅಲುಗಾಡ್ತಾ ಇದೆ! ಕೇಬಲ್ ಸರಿಯಿಲ್ವಾ?"

"ಕೇಬಲ್ ಸರಿಯಿದೆ ಸಾರ್. ಅದು ನನ್ನ ತಮ್ಮ."

ಮ್ಯಾನೇಜರು ಅವಳ ಕಡೆ ತಿರುಗಿದರು.

"ಕತ್ತರಿಸಿ ಅಂದಿದ್ನಲ್ಲ ನಾನು?"

"ಅಂದಿದ್ರಿ. ಬಾಗಿಲು ತೆಗೀಬೇಡ ಅಂತ್ಲೂ ಅಂದಿದ್ರಿ. ಅವನು ಕೇಳಿದ, ಹೋದ. ನಾನು ಕೇಳಲ್ಲ." ಅವಳು ಪರದೆಯ ಕಡೆ ಕೈ ತೋರಿಸಿದಳು. "ಮಲಗಿದ್ದ ಅಂದ್ರಲ್ಲ ಸಾರ್. ಮಧ್ಯಾಹ್ನದವರೆಗೂ ನೋಡ್ತಾ ಕೂತ್ಕೊಳ್ಳಿ. ಮಲಗಿದವನು ಬಾಗಿಲು ಗುದ್ದುತ್ತಾನಾ ಅಂತ ನೀವೇ ಹೇಳಿ."

"ನಿಲ್ಲಿಸ್ರೀ ಅದನ್ನ!" ಮ್ಯಾನೇಜರು ಹುಡುಗರ ಕಡೆ ತಿರುಗಿ ಕೂಗಿದರು. ಕನ್ನಡಕದವನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಅವನನ್ನು ನೋಡಿ ಪಕ್ಕದವನೂ. ಕೊನೆಗೆ ಮ್ಯಾನೇಜರು ತಾವೇ ಮೇಜಿಂದ ಮೇಜಿಗೆ ಓಡಿ ಒಂದೊಂದೇ ಪರದೆ ಆರಿಸಿದರು. ಅವರು ಕೊನೆಯ ಮೇಜು ಮುಟ್ಟುವವರೆಗೂ ಅಲ್ಲಿ ಆ ಕಾಲು ಕುಣಿಯುತ್ತಲೇ ಇತ್ತು.

"ನಾಳೆಯಿಂದ ಬರಬೇಡಿ" ಅಂದರು, ಏದುಸಿರು ಬಿಡುತ್ತ.

"ಇವತ್ತಿಂದಲೇ ಬರಲ್ಲ." ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಆ ಮೊದಲರ್ಧವನ್ನು ಅವರು ಇವತ್ತೋ ನಾಳೆಯೋ ಅಳಿಸಿಹಾಕುತ್ತಾರೆಂದು ಅವಳಿಗೆ ಗೊತ್ತಿತ್ತು. ಯಾರೂ ಅಳಿಸಲಾಗದಂತೆ ಯಂತ್ರದೊಳಗೆ ಅವಳು ಹಾಕಿದ ಬೀಗ ಒಡೆಯಲು ಇನ್ನೊಬ್ಬನನ್ನು ಕರೆಸುತ್ತಾರೆ, ಅವನು ಒಡೆಯುತ್ತಾನೆ. ಗೆದ್ದೆನೆಂಬ ಭ್ರಮೆ ಅವಳಿಗಿರಲಿಲ್ಲ. ಬಾಗಿಲವರೆಗೆ ಬಂದ ಕನ್ನಡಕದವನು ಅವಳ ಚೀಲ ಹಿಡಿದುಕೊಂಡು ಬೀದಿಯ ತಿರುವಿನವರೆಗೂ ನಡೆದು ಬಂದ.

ಮನೆಯಲ್ಲಿ ತಮ್ಮನ ಹೆಂಡತಿ ಕಿಟಕಿಯ ಬಳಿ ಹೊಲಿಯುತ್ತ ಕೂತಿದ್ದಳು. "ಇಷ್ಟು ಬೇಗ? ಮೈಗೆ ಹುಷಾರಿಲ್ವಾ ಅತ್ತಿಗೆ?"

"ಕೆಲಸ ಹೋಯ್ತು ಕಣೇ." ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬೇರೆ ಬೇರೆ ಥರ ಜೋಡಿಸಿಕೊಂಡು ಬಂದಿದ್ದಳು. ನಿದ್ದೆಯಲ್ಲೇ ಹೋದ, ಏನೂ ಗೊತ್ತಾಗಲಿಲ್ಲ ಅಂದುಬಿಟ್ಟರೆ ಹುಡುಗಿಗೆ ಸಮಾಧಾನ ಅಂದುಕೊಂಡಿದ್ದಳು. ಆದರೆ ಆ ಮಾತು ಮ್ಯಾನೇಜರಿನದು. ಅದನ್ನು ತನ್ನ ಬಾಯಲ್ಲಿ ಹೇಗೆ ಹೇಳುವುದು?

"ಅವತ್ತಿನ ಸಿಗ್ನಲ್ ನೋಡ್ದೆ" ಅಂದಳು. "ಒಳಗಿನ ಅಲುಗಾಟ ಎಲ್ಲ ಅದರಲ್ಲಿ ಕಾಣುತ್ತೆ. ಬೆಳಗ್ಗೆಯಿಂದ ಕಾಲು ಅಲ್ಲಾಡಿಸ್ತಾ ಕೂತಿದ್ದಾನೆ, ಕಳ್ಳ."

ಹುಡುಗಿ ಫಕ್ಕನೆ ನಕ್ಕಳು. ನಗು ಅರ್ಧದಲ್ಲೇ ಮುರಿದು, ಹೊಲಿಯುತ್ತಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. "ಅಷ್ಟು ಹೊತ್ತೂ?"

"ಅಷ್ಟು ಹೊತ್ತೂ."

"ಆಮೇಲೆ?"

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಡಿಸ್ಕಕ್ಕ ಅವಳ ಕೈ ಹಿಡಿದುಕೊಂಡಳು.

"ಮಲಗಿರಲಿಲ್ಲ ಕಣೇ. ಎದ್ದಿದ್ದ. ಬಾಗಿಲ ಹತ್ರ ಹೋಗಿದ್ದಾನೆ. ಗುದ್ದಿದ್ದಾನೆ. ತೆಗೆಯೋಕೆ ಆಗಲಿಲ್ಲ."

ಹೊಲಿಗೆ ಮೆಷಿನ್ನಿನ ತುಳಿಪಟ್ಟಿಯ ಮೇಲಿದ್ದ ಹುಡುಗಿಯ ಕಾಲು ತಂತಾನೇ ಒಂದು ಸಲ ಒತ್ತಿತು, ಸೂಜಿ ಬಟ್ಟೆಯಿಲ್ಲದೆ ಮೇಲೆ ಕೆಳಗೆ ಆಡಿ ನಿಂತಿತು.

"ಹಾಗಾದ್ರೆ ಮನೆಗೆ ಬರೋಕೆ ಹೊರಟಿದ್ರು" ಅಂದಳು.