ನಡೆಯಲೊಲ್ಲದ ಭಾವ, ನಿಲ್ಲಲೊಲ್ಲದ ಭಾವ

ನನ್ನ ಅಕ್ಕನ ಗಂಡ ‘ಹಾಗಲ್ಲ’ ಎನ್ನದೆ ಯಾವ ಮಾತನ್ನೂ ಆರಂಭಿಸಿದವರಲ್ಲ. ಬಿಸಿಲು ಜೋರಾಗಿದೆ ಎಂದರೆ ‘ಹಾಗಲ್ಲ, ಸೆಖೆ ಜಾಸ್ತಿ’ ಎನ್ನುವರು. ಒಪ್ಪುವಾಗಲೂ ಖಂಡಿಸಿಯೇ ಒಪ್ಪುವ ಈ ಅಪೂರ್ವ ವಿದ್ಯೆ ಅವರಿಗೆ ಹುಟ್ಟಿನಿಂದ ಸಿದ್ಧಿಸಿತ್ತೋ, ಕಾರು ಕಲಿಸುವ ವೃತ್ತಿಯಿಂದ ಅಂಟಿತೋ ನಾನರಿಯೆ. ಕಲಿಯುವವರ ಪಕ್ಕದ ಸೀಟಿನಲ್ಲಿ, ತಮ್ಮ ಕಾಲಡಿಗೊಂದು ಪ್ರತ್ಯೇಕ ಬ್ರೇಕು ಇಟ್ಟುಕೊಂಡು, ಆಯುಷ್ಯದ ಬಹುಭಾಗವನ್ನು ಇತರರ ತಪ್ಪು ತಿದ್ದುವುದರಲ್ಲೇ ಸವೆಸಿದವರಿಗೆ, ತಮ್ಮನ್ನು ತಿದ್ದುವ ಅಧಿಕಾರವೂ ಲೋಕದಲ್ಲಿ ಯಾರಿಗಾದರೂ ಇದ್ದೀತೆಂಬ ಕಲ್ಪನೆ ಬರುವುದಾದರೂ ಹೇಗೆ? ಮೊಣಕೈ ಬಳಿ ತಿಕ್ಕಿ ಹೊಳಪೇರಿದ ಕಂದು ಕೋಟು, ಸೀಟಿಗೆ ಒರಗಿ ಒರಗಿ ಹಿಂದಕ್ಕೆ ವಾಲಿದ ಬೆನ್ನು. ನಿಂತಾಗಲೂ ಕುಳಿತಂತೆಯೇ ಕಾಣುವ ಆಕೃತಿ.

ರಕ್ತದಲ್ಲಿ ಸಕ್ಕರೆ ಏರಿದೆಯೆಂದು ಗೊತ್ತಾದಾಗ ಡಾಕ್ಟರಮ್ಮ ಹೇಳಿದ್ದು ತೀರ ಸರಳವಾಗಿತ್ತು: ಮಾತ್ರೆ ತಪ್ಪಿಸಬೇಡಿ, ಊಟವಾದ ಮೇಲೆ ಸ್ವಲ್ಪ ಹೊತ್ತು ನಡೆಯಿರಿ, ನಡೆಯುವಾಗ ಕಾಲಿನ ಸ್ನಾಯುಗಳೇ ಆ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. ದಿನವಿಡೀ ಬ್ರೇಕು ತುಳಿಯುವ ಕಾಲಿಗೆ ಬೇರೆ ವ್ಯಾಯಾಮ ಬೇಕಿಲ್ಲವೆಂದು ಭಾವ ಆಕೆಗೇ ಪಾಠ ಹೇಳಿ ಬಂದರು. ಬೀದಿಯ ತುದಿಯಲ್ಲಿರುವ ಔಷಧದಂಗಡಿಗೆ ಮಾತ್ರೆ ತರಲು ಹೋದದ್ದೂ ಕಾರಿನಲ್ಲೇ.

ಅಕ್ಕ ಹೇಳಿ ಹೇಳಿ ಸಾಕಾಗಿ, ಪಕ್ಕದ ಬೀದಿಯಲ್ಲೇ ಇದ್ದ ನನ್ನನ್ನು ಅವರ ನಡಿಗೆಯ ಜೊತೆಗಾರನನ್ನಾಗಿ ನೇಮಿಸಿದಳು. ಅದನ್ನು ನಡಿಗೆಯೆಂದು ಕರೆಯುವುದು ಆ ಪದಕ್ಕೆ ಮಾಡುವ ಅಪಚಾರ. ನಿಂತ ಪ್ರತಿಯೊಂದು ಕಾರಿನ ಬಳಿಯೂ ಭಾವ ನಿಲ್ಲುವರು. ಚಕ್ರ ಎಷ್ಟು ಸೊಟ್ಟಗಿದೆ, ಅಂಚುಗಲ್ಲಿನಿಂದ ಎಷ್ಟು ದೂರವಿದೆ, ಇದನ್ನು ನಿಲ್ಲಿಸಿದ ಮಹಾನುಭಾವನಿಗೆ ಕಲಿಸಿದವರು ಯಾರು ಎಂಬ ವಿಚಾರಣೆ ಮುಗಿಯುವಷ್ಟರಲ್ಲಿ ಕತ್ತಲಾಗುವುದು. ಮನೆಗೆ ಮರಳಿ ನಾನು ಬೆವರೊರೆಸಿಕೊಂಡರೆ ಅದು ಶ್ರಮದ ಬೆವರಲ್ಲ, ತಡೆಹಿಡಿದ ಕೋಪದ್ದು.

ಬುದ್ಧಿವಂತೆಯಾದ ಅಕ್ಕ ಕೊನೆಗೆ ವಾದ ಬಿಟ್ಟಳು. ಸಕ್ಕರೆ ಅಳೆಯುವ ಪುಟ್ಟ ಯಂತ್ರವೊಂದನ್ನು ತಂದು, ಊಟ ಮಾಡಿ ಸೋಫಾದಲ್ಲಿ ಒರಗಿದ ದಿನವೊಮ್ಮೆ, ಅದೇ ಊಟದ ನಂತರ ನನ್ನ ಬೈಗುಳ ಕೇಳಿ ಎಲ್ಲೂ ನಿಲ್ಲದೆ ನಡೆದು ಬಂದ ದಿನವೊಮ್ಮೆ, ಅವರ ಬೆರಳನ್ನೇ ಚುಚ್ಚಿಸಿ, ಅವರ ಕಣ್ಣಿಂದಲೇ ಅಂಕಿಗಳನ್ನು ಓದಿಸಿದಳು. ನಡೆದ ದಿನದ ಅಂಕಿ ಸಾಕಷ್ಟು ಕೆಳಗಿತ್ತು. ಭಾವ ಅನುಮಾನಿಸಿ ಮತ್ತೆ ಮತ್ತೆ ಪರೀಕ್ಷಿಸಿದರು. ಪ್ರತಿಬಾರಿಯೂ ಸೋತದ್ದು ಸೋಫಾ. ನಮ್ಮ ಕಷ್ಟ ತೀರಿತೆಂದುಕೊಂಡೆವು. ನಿಜವಾದ ಕಷ್ಟ ಆಗ ಶುರುವಾಯಿತು.

ಏಕೆಂದರೆ ವಾರ ಕಳೆಯುವುದರೊಳಗೆ ಆ ಸತ್ಯ ಭಾವನ ಸ್ವಂತ ಸಂಶೋಧನೆಯಾಗಿತ್ತು. ಗೇರು ಬದಲಿಸಲು ತಡವರಿಸುತ್ತಿದ್ದ ಶಿಷ್ಯೆಯರಿಗೆ ಸ್ನಾಯು-ಸಕ್ಕರೆಗಳ ಸಂಬಂಧದ ಉಪನ್ಯಾಸ. ನೆರೆಯವರಿಗೆ, ಅಂಚೆಯವನಿಗೆ, ಕೊನೆಗೆ ಡಾಕ್ಟರಮ್ಮನಿಗೂ ಅದೇ. ಬೆಳಗ್ಗೆ ನಡಿಗೆ, ಮಧ್ಯಾಹ್ನ ನಡಿಗೆ, ಸಂಜೆ ನಡಿಗೆ. ನಡುನಡುವೆ ಕೆನೆ ತುಂಬಿದ ಬಿಸ್ಕತ್ತು, ಅದನ್ನು ಕರಗಿಸಲೆಂದು ಇನ್ನೊಂದು ಸುತ್ತು. ಮಾತ್ರೆಗಳನ್ನು ಯಾರಿಗೂ ಹೇಳದೆ ಬಿಟ್ಟಿದ್ದರು. ಅಂಕಿ ಏರತೊಡಗಿದ ಮೇಲೆ ಯಂತ್ರವೇ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನೂ ಬಿಟ್ಟರು. ಅಕ್ಕ ಮೆತ್ತನೆಯ ಶೂ ತಂದುಕೊಟ್ಟರೆ, ಅಡಿ ದಪ್ಪವಾದರೆ ಪೆಡಲು ಕಾಲಿಗೆ ತಿಳಿಯುವುದಿಲ್ಲವೆಂದು ಹಳೆಯ ಬಿಗಿಯಾದ ಚರ್ಮದ ಶೂಗಳಲ್ಲೇ ಊರು ಸುತ್ತಿದರು.

ಒಂದು ಮಧ್ಯಾಹ್ನ ಅಡುಗೆಮನೆಯ ಒರೆಸಿದ ನೆಲದ ಮೇಲೆ ಅಕ್ಕನಿಗೆ ಕೆಂಪು ಗುರುತುಗಳು ಕಂಡವು. ಅವನ್ನು ಹಿಂಬಾಲಿಸಿ ಹೋದರೆ ಭಾವ ಕುರ್ಚಿಯಲ್ಲಿ ನಿಶ್ಚಿಂತೆಯಿಂದ ಪತ್ರಿಕೆ ಓದುತ್ತಿದ್ದರು. ಎಡಗಾಲಿನ ಕಾಲುಚೀಲ ನೆನೆದು ಚರ್ಮಕ್ಕೆ ಅಂಟಿತ್ತು; ಕಿರುಬೆರಳ ಪಕ್ಕದ ಹುಣ್ಣು ಎಷ್ಟು ದಿನದ್ದೋ, ಅವರಿಗೆ ನೋವೇ ಆಗಿರಲಿಲ್ಲ. ನೋವಾಗದಿರುವುದೇ ಈ ರೋಗದ ಕೇಡು ಎಂದು ಡಾಕ್ಟರಮ್ಮ ಹೇಳಿದಾಗ, ಭಾವ ಬಗ್ಗಿ ಆ ಹುಣ್ಣಿನ ಪಕ್ಕ ತಾವೇ ಒತ್ತಿ ನೋಡಿಕೊಂಡರು. ಸಕ್ಕರೆ ಮುಗಿಲು ಮುಟ್ಟಿತ್ತು. ಕಿರುಬೆರಳನ್ನು ಉಳಿಸಲಾಗಲಿಲ್ಲ.

ಆಸ್ಪತ್ರೆಯ ಹಾಸಿಗೆಯ ಮೇಲೆ ಅವರು, ನಡಿಗೆಯಿಂದ ಸಕ್ಕರೆ ಇಳಿದದ್ದಂತೂ ಸುಳ್ಳಲ್ಲವಲ್ಲ ಎಂದು ಗೊಣಗಿದರು. ಹಣ್ಣು ಸುಲಿಯುತ್ತಿದ್ದ ಅಕ್ಕ ತಲೆಯೆತ್ತದೆ ಹೇಳಿದಳು:

“ಸುಳ್ಳಲ್ಲ. ಆದ್ರೆ ನೀವು ನಡೆದಿದ್ದು ಸಕ್ಕರೆ ಇಳಿಸೋಕಲ್ಲ ಕಣ್ರೀ, ಡಾಕ್ಟರನ್ನ ಸೋಲಿಸೋಕೆ. ಈಗ ನೋಡಿ, ಸೋತಿದ್ದು ನಾನು.”

ಭಾವ ಮೆಲ್ಲಗೆ, “ಆ ಮೆತ್ತನೆ ಶೂ ಇನ್ನೂ ಇದ್ಯಾ?” ಎಂದರು.

ಗಾಯ ಮಾಯ್ದು, ಡಾಕ್ಟರಮ್ಮ ಅನುಮತಿ ಕೊಟ್ಟ ಮೇಲೆ, ಊಟದ ನಂತರ ಅಕ್ಕ, ಭಾವ ಇಬ್ಬರೂ ಸಣ್ಣ ಸುತ್ತು ಹೋಗಿ ಬರುತ್ತಾರೆ. ಮಾತ್ರೆ ತಪ್ಪುವುದಿಲ್ಲ, ಪ್ರತಿ ಸಂಜೆ ಅಕ್ಕ ಅವರ ಅಂಗಾಲುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಸಕ್ಕರೆ ಹದದಲ್ಲಿದೆ. ಮೊನ್ನೆ ಭಾವ, ಪಾದಗಳನ್ನು ದಿನವೂ ಪರೀಕ್ಷಿಸಬೇಕೆಂಬ ತಮ್ಮ ಹೊಸ ಸಿದ್ಧಾಂತವನ್ನು ನನಗೇ ವಿವರಿಸತೊಡಗಿದಾಗ ನಾನು ಹಲ್ಲು ಕಚ್ಚಿ ಕೇಳಿಸಿಕೊಂಡೆ.

ಲೋಕದಲ್ಲಿ ಇಂಥವರೊಂದು ಜಾತಿಯಿದೆ. ಹೊರಗಿನಿಂದ ಬಂದ ಸತ್ಯಕ್ಕೆ ಇವರ ಮನೆಯಲ್ಲಿ ಜಾಗವಿಲ್ಲ. ಅದು ಒಳಗೇ ಹುಟ್ಟಿದ ಹಾಗೆ ನಟಿಸಬೇಕು. ಇವರನ್ನು ಪ್ರೀತಿಸುವವರು ಜೀವಮಾನವಿಡೀ ಆ ನಾಟಕದ ತೆರೆಯ ಹಿಂದೆ ನಿಂತು, ಮಾತು ಒದಗಿಸಿ, ಚಪ್ಪಾಳೆ ಅವರಿಗೇ ಬಿಟ್ಟುಕೊಟ್ಟು, ಕೈ ಒರೆಸಿಕೊಂಡು ಒಳಗೆ ಹೋಗುತ್ತಾರೆ. ಇಂಥವರು ಬಹುಕಾಲ ಬದುಕುತ್ತಾರೆ. ತಾವು ಹಟದಿಂದಲೇ ಬದುಕಿದೆವೆಂದು ಕೊನೆಯವರೆಗೂ ನಂಬಿರುತ್ತಾರೆ.